ನನ್ನ ಯಂತ್ರದ ಏಳರ ಅಂಕಿಗೆ ಕಚ್ಚು ಇದೆ, ಈ ರಸೀದಿಯ ಏಳಕ್ಕೆ ಇಲ್ಲ: ದಾನ ಕೊಟ್ಟವರಿಗೆ ನಾನು ಏನು ಹೇಳಲಿ?

ಬೆಟಗೇರಿಯ ಮುದ್ರಕ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗದಗಿನ ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ತಂದೆಯವರು ಅಚ್ಚುಮೊಳೆ ಜೋಡಿಸಿ ಟ್ರೆಡಲ್ ತುಳಿದು ನಡೆಸಿದ ಅಂಗಡಿಯನ್ನು ನಾನು ಆಫ್‌ಸೆಟ್ ಯಂತ್ರ ಹಾಕಿ ಮುಂದುವರಿಸಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ, ಕ್ಯಾಲೆಂಡರ್, ಇವುಗಳಿಂದಲೇ ನಮ್ಮ ಮನೆ ನಡೆಯುತ್ತದೆ. ಈಗ ಕೇಳುತ್ತಿರುವುದೂ ರಸೀದಿಯ ಬಗ್ಗೆಯೇ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

2016ರಲ್ಲಿ ನಾವು ಹನ್ನೆರಡು ಜನ ಸೇರಿ ಒಂದು ಸಂಘ ಕಟ್ಟಿದೆವು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಜೊತೆ ಇರುವವರಿಗೆ ಸಂಜೆಯ ಊಟ ಕೊಡುವುದು ಸಂಘದ ಕೆಲಸ. ಹಳ್ಳಿಯಿಂದ ಬಂದವರು ವರಾಂಡದಲ್ಲಿ ಚಾಪೆ ಹಾಸಿಕೊಂಡು ವಾರಗಟ್ಟಲೆ ಇರುತ್ತಾರೆ. ರೋಗಿಗೆ ಆಸ್ಪತ್ರೆಯ ಊಟ ಬರುತ್ತದೆ, ಕಾಯುವವರಿಗೆ ಬರುವುದಿಲ್ಲ. ಎಷ್ಟೋ ತಾಯಂದಿರು ಮಗು ತಿಂದು ಉಳಿಸಿದ್ದನ್ನೇ ತಿಂದು ಮಲಗುವುದನ್ನು ನಾವು ಕಣ್ಣಾರೆ ಕಂಡಿದ್ದೆವು. ಮನೆಗೆ ಐದರಂತೆ ಜೋಳದ ರೊಟ್ಟಿ ಕೊಡಿ ಎಂದು ಓಣಿ ಓಣಿ ತಿರುಗಿದೆವು. ತರಕಾರಿ ವ್ಯಾಪಾರಿಯೊಬ್ಬರು ದಿನಾ ಸಂಜೆ ತಮ್ಮ ಸರಕು ಆಟೊ ಬಿಟ್ಟುಕೊಟ್ಟರು. ರೊಟ್ಟಿಯ ಗಂಟುಗಳು ಆಟೊ ತುಂಬಿ ಹೋಗುತ್ತಿದ್ದ ಆ ದಿನಗಳಲ್ಲಿ ನಮಗೆ ಹಣದ ಯೋಚನೆಯೇ ಇರಲಿಲ್ಲ.

ಪಲ್ಯ, ಬೇಳೆ, ಎಣ್ಣೆ, ಅಡುಗೆಯವರ ಪಗಾರ ಎಂದು ಖರ್ಚು ಬೆಳೆದಾಗ ದತ್ತಿ ಯೋಜನೆ ಮಾಡಿದೆವು. ಒಬ್ಬರು 25,000 ರೂಪಾಯಿ ಕೊಟ್ಟರೆ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ದಿನ ಅವರು ಹೇಳಿದವರ ಹೆಸರಿನಲ್ಲಿ ಪಲ್ಯ, ಸಾರಿನ ಖರ್ಚು ನೋಡಿಕೊಳ್ಳುವುದು. ತಂದೆ-ತಾಯಿಯ ಪುಣ್ಯತಿಥಿ, ತೀರಿಹೋದ ಮಗನ ಹುಟ್ಟಿದ ದಿನ, ಹೀಗೆ ಒಂದೊಂದು ದತ್ತಿಯ ಹಿಂದೆ ಒಂದೊಂದು ಮನೆಯ ದುಃಖವಿದೆ.

ಸಂಘದ ರಸೀದಿ ಪುಸ್ತಕಗಳನ್ನು ನಾನೇ ಅಚ್ಚು ಹಾಕಿಕೊಟ್ಟೆ, ಕಾಗದದ ಖರ್ಚು ಮಾತ್ರ ತೆಗೆದುಕೊಂಡೆ. ಪುಸ್ತಕಕ್ಕೆ 50ರಂತೆ 60 ಪುಸ್ತಕ. ಕೊಟ್ಟವರಿಗೆ ಬಿಳಿ ಹಾಳೆ, ಸಂಘಕ್ಕೆ ಗುಲಾಬಿ ಹಾಳೆ. ಸಂಖ್ಯೆ 1ರಿಂದ 3000. ನನ್ನ ಆರ್ಡರ್ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿದೆ. ಅದಕ್ಕಿಂತ ಮುಂದಿನ ಸಂಖ್ಯೆ ನಾನು ಹಾಕಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ನಾನು ಅವರ ಕೈಯಲ್ಲೇ ಅಕ್ಷರ ಕಲಿತವನು. ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತದೆ. ಯಜಮಾನರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಏನಾದರೂ ಮಾಡಬೇಕು ಎಂದಾಗ ಸಂಘದ ಕಚೇರಿಗೆ ಕರೆದೊಯ್ದವನು ನಾನು. 2023ರ ಜೂನ್. ಅಕ್ಕೋರು ಸೆರಗಿನ ಗಂಟು ಬಿಚ್ಚಿ ಐನೂರರ ಐವತ್ತು ನೋಟು ಎಣಿಸಿ ಮೇಜಿನ ಮೇಲಿಟ್ಟರು. ಕಾರ್ಯದರ್ಶಿ ಎದ್ದು ನಿಂತು ಕೈ ಮುಗಿದು ರಸೀದಿ ಬರೆದುಕೊಟ್ಟರು. ನಾನು ಪಕ್ಕದಲ್ಲೇ ಕುಳಿತಿದ್ದೆ, ಚಹಾ ಕುಡಿದೆ, ರಸೀದಿಯ ಕಡೆ ನೋಡಲಿಲ್ಲ.

ಮೊದಲ ಪುಣ್ಯತಿಥಿಗೆ ಅವರು ಮಗನ ಊರಲ್ಲಿದ್ದರು. ಎರಡನೆಯದಕ್ಕೆ, 2024ರ ನವೆಂಬರಿನಲ್ಲಿ, ಮೊಮ್ಮಗನನ್ನು ಕರೆದುಕೊಂಡು ಊಟ ಬಡಿಸುವುದನ್ನು ನೋಡಲು ಆಸ್ಪತ್ರೆಗೆ ಹೋದರು. ಅಂದು ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ದಿನದ ದತ್ತಿದಾರರ ಹೆಸರು ಬರೆಯುವ ಕರಿಹಲಗೆ ಖಾಲಿ ಇತ್ತು. ಬಡಿಸುತ್ತಿದ್ದ ಹುಡುಗನನ್ನು ಕೇಳಿದರೆ, "ಇವತ್ತಿನ ದಿನಕ್ಕೆ ಯಾರ ದತ್ತಿಯೂ ಇಲ್ಲ ಅಜ್ಜಿ" ಎಂದನಂತೆ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅಕ್ಕೋರು ಕಟ್ಟೆಯ ಮೇಲೆ ಕುಳಿತಿದ್ದರು. ಬೈಯಲಿಲ್ಲ. "ತಮ್ಮಾ, ಇದನ್ನು ಸ್ವಲ್ಪ ನೋಡು" ಎಂದು ರಸೀದಿ ಕೈಗಿತ್ತರು. ಸಂಖ್ಯೆ 3417.

ನನ್ನ ಸಂಖ್ಯೆ ಒತ್ತುವ ಯಂತ್ರದಲ್ಲಿ ಒಂದು ದೋಷವಿದೆ. ಏಳರ ತಲೆಗೆರೆಯ ಬಲತುದಿಯಲ್ಲಿ ಕೂದಲೆಳೆಯಷ್ಟು ಕಚ್ಚು ಬಿದ್ದಿದೆ. ಬೇರೆಯವರ ಕಣ್ಣಿಗೆ ಕಾಣುವುದಿಲ್ಲ, ನನಗೆ ಹತ್ತು ಮಾರು ದೂರದಿಂದಲೂ ಕಾಣುತ್ತದೆ. 3417ರ ಏಳು ನುಣ್ಣಗಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದೆ. ನಾನು ಹಾಕುವುದಕ್ಕಿಂತ ತೆಳುವಾದ ಕಾಗದ. ಸಂಘದ ಹೆಸರಿನ ಅಕ್ಷರವೂ ನನ್ನದಲ್ಲ, ನನ್ನದನ್ನು ನೋಡಿ ಮಾಡಿಸಿದ್ದು. ಅಕ್ಕೋರ ಮುಂದೆ ನನ್ನ ನಾಲಗೆ ಹೊರಳಲಿಲ್ಲ.

ಕಾರ್ಯದರ್ಶಿಗೆ ಫೋನ್ ಮಾಡಿದೆ. "ತುರ್ತಿತ್ತು, ಬೇರೆ ಕಡೆ ಮಾಡಿಸಿದೆವು, ಲೆಕ್ಕವೆಲ್ಲ ಸರಿಯಿದೆ" ಎಂದರು. ಆ ಪುಸ್ತಕದ ಗುಲಾಬಿ ಹಾಳೆ ತೋರಿಸಿ ಎಂದೆ. "ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಕೇಳಿದರು. ಎಂಟು ವರ್ಷ ಜೊತೆಯಲ್ಲಿ ರೊಟ್ಟಿಯ ಗಂಟು ಹೊತ್ತ ಮನುಷ್ಯ ಹಾಗೆ ಕೇಳಿದಾಗ ಮುಂದೆ ಮಾತಾಡುವುದು ಸುಲಭವಿರಲಿಲ್ಲ.

ಆಮೇಲೆ ಆಜೀವ ಸದಸ್ಯನೆಂದು 2023-24ರ ಲೆಕ್ಕಪತ್ರದ ಪ್ರತಿ ಕೇಳಿ ಪಡೆದೆ. ಅದರಲ್ಲಿ ದತ್ತಿ ನಿಧಿ 10,25,000 ರೂಪಾಯಿ, ಅಂದರೆ 41 ದತ್ತಿಗಳು. ಆದರೆ ಪ್ರತಿ ವರ್ಷ ಸಂಘದ ಕ್ಯಾಲೆಂಡರ್ ಅಚ್ಚು ಹಾಕುವವನೂ ನಾನೇ. ಯಾವ ದಿನ ಯಾರ ದತ್ತಿ ಎಂದು ತಾರೀಖಿನ ಕೆಳಗೆ ಹೆಸರು ಬರುತ್ತದೆ. 2024ರ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಎಣಿಸಿದೆ. 64 ಹೆಸರು. ಅಕ್ಕೋರ ಯಜಮಾನರ ಹೆಸರೂ ಇದೆ. ಕ್ಯಾಲೆಂಡರಿನಲ್ಲಿ ಇರುವ 23 ಹೆಸರು ನಿಧಿಯಲ್ಲಿ ಇಲ್ಲ, ಅಡುಗೆಮನೆಯ ಪಟ್ಟಿಯಲ್ಲೂ ಇಲ್ಲ. ಒಟ್ಟು 5,75,000 ರೂಪಾಯಿ. ಆ 23ರಲ್ಲಿ ಏಳು ಮನೆಯವರನ್ನು ಸಂಘಕ್ಕೆ ಪರಿಚಯಿಸಿದವನು ನಾನು. ಖರ್ಚಿನ ಪುಟದಲ್ಲಿ "ವಾಹನ ದುರಸ್ತಿ 1,86,000" ಎಂದಿದೆ. ಸಂಘಕ್ಕೆ ಸ್ವಂತ ವಾಹನವೇ ಇಲ್ಲ.

ನನ್ನ ಪ್ರಶ್ನೆ ಎರಡು. ದೂರು ಕೊಡಲು ನಾವು ಒಂಬತ್ತು ಸದಸ್ಯರು ಸಿದ್ಧರಿದ್ದೇವೆ, ಒಟ್ಟು ಸದಸ್ಯರು 42. ಇದು ಸಾಕೇ, ಯಾರಿಗೆ ಕೊಡಬೇಕು? ಎರಡನೆಯದು ನನಗೆ ನಿದ್ದೆಗೆಡಿಸಿದ್ದು. ಆ ಏಳು ಮನೆಯವರು ಕೊಟ್ಟಿದ್ದು ನನ್ನ ಮುಖ ನೋಡಿ. ಅವರಿಗೆ ಏನು ಹೇಳಲಿ? ಸಾಲ ಮಾಡಿಯಾದರೂ ನನ್ನ ಕೈಯಿಂದ ತಿರುಗಿ ಕೊಟ್ಟುಬಿಡಲೇ?

ನಿವೃತ್ತ ಸಹಕಾರ ಇಲಾಖೆ ನೌಕರ, ಧಾರವಾಡ

ಮುದ್ರಕರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷ ಸಂಘಗಳ ಲೆಕ್ಕ ನೋಡಿದವನು ನಾನು. ಅಚ್ಚು ಹಾಕಿದವನೇ ಸಾಕ್ಷಿಯಾಗಿ ನಿಂತ ಪ್ರಕರಣವನ್ನು ನಾನು ಕಂಡಿರಲಿಲ್ಲ. ನಿಮ್ಮ ಆರ್ಡರ್ ಪುಸ್ತಕ, ಕ್ಯಾಲೆಂಡರಿನ ಪ್ರತಿ, ಕಾರ್ಯದರ್ಶಿ ಕ್ಯಾಲೆಂಡರಿಗೆಂದು ಬರೆದುಕೊಟ್ಟ ಹೆಸರಿನ ಪಟ್ಟಿ, ಇವನ್ನು ಇವತ್ತೇ ಬೀಗದೊಳಗೆ ಇಡಿ. ಅಕ್ಕೋರ ರಸೀದಿಯ ಮೂಲ ಅವರ ಬಳಿಯೇ ಇರಲಿ, ಯಾರು ಕೇಳಿದರೂ ಜೆರಾಕ್ಸ್ ಪ್ರತಿ ಕೊಡಿ. "ಸರಿಪಡಿಸಿ ಕೊಡುತ್ತೇವೆ" ಎಂದು ಮೂಲ ಪ್ರತಿ ತೆಗೆದುಕೊಂಡು ಹೋಗುವುದು ಹಳೆಯ ಚಾಳಿ.

ನೋಂದಣಿ ಪತ್ರ ನೋಡಿ. ಸದಸ್ಯತ್ವ, ಸಾಮಾನ್ಯ ಸಭೆ ಎಲ್ಲ ಇರುವುದರಿಂದ ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬಂದದ್ದೇ ಇರಬೇಕು. ಅಂಥ ಸಂಘ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಿಮ್ಮ ಕೈಗೆ ಕೊಟ್ಟ ಲೆಕ್ಕವೂ ಕಚೇರಿಗೆ ಸಲ್ಲಿಸಿದ ಲೆಕ್ಕವೂ ಒಂದೇ ಎಂದು ನಂಬಿಕೊಂಡು ಕೂರಬೇಡಿ. ಮಾಹಿತಿ ಹಕ್ಕು ಅರ್ಜಿಯನ್ನು ನೋಂದಣಾಧಿಕಾರಿಯ ಕಚೇರಿಗೇ ಹಾಕಿ, ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಸಂಘ ಖಾಸಗಿಯದಾದರೂ ಅದು ಸಲ್ಲಿಸಿದ ಕಾಗದ ಸರ್ಕಾರಿ ಕಚೇರಿಯಲ್ಲಿದೆ, ಅದನ್ನು ಕೇಳುವ ಹಕ್ಕು ನಿಮಗಿದೆ. ಸಂಘ ಶುರುವಾದಾಗಿನಿಂದ ಎಲ್ಲ ವರ್ಷದ್ದನ್ನೂ ಕೇಳಿ.

ಈಗ ಒಂಬತ್ತರ ಮಾತು. ಆ ಕಾಯ್ದೆಯ 25ನೇ ಕಲಮಿನ ಪ್ರಕಾರ ನೋಂದಣಾಧಿಕಾರಿ ತಾವಾಗಿಯೇ ವಿಚಾರಣೆ ನಡೆಸಬಹುದು. ಆದರೆ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟಾದರೂ ಜನ ಅರ್ಜಿ ಕೊಟ್ಟರೆ ನಡೆಸಲೇಬೇಕು. 42ಕ್ಕೆ 14. ಒಂಬತ್ತು ಸಹಿಯ ಅರ್ಜಿಯನ್ನು ಕಪಾಟಿನಲ್ಲಿ ಇಡಬಹುದು, ಹದಿನಾಲ್ಕರದ್ದನ್ನು ಇಡಲು ಬರುವುದಿಲ್ಲ. ಇನ್ನೂ ಐದು ಸಹಿ ಕೂಡಿಸಿ. ಒಂದು ವೇಳೆ ಟ್ರಸ್ಟ್ ಆಗಿದ್ದರೆ ದಾರಿ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ಆ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು.

ಪೊಲೀಸರ ಬಳಿ ಹೋಗುವುದಾದರೆ ತಾರೀಖು ನೆನಪಿರಲಿ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು, ಅದರಲ್ಲಿ ನಂಬಿಕೆ ದ್ರೋಹಕ್ಕೆ 316ನೇ ಕಲಮು. ಅಕ್ಕೋರು ಹಣ ಕೊಟ್ಟಿದ್ದು 2023ರಲ್ಲಿ, ಹಾಗಾಗಿ ಅದಕ್ಕೆ ಹಳೆಯ ದಂಡ ಸಂಹಿತೆಯ 406 ಅನ್ವಯಿಸುತ್ತದೆ. ದೂರು ಬರೆದುಕೊಡುವ ವಕೀಲರು ಗಡಿಬಿಡಿಯಲ್ಲಿ ಹೊಸದನ್ನೇ ಬರೆದುಬಿಟ್ಟಾರು.

ಇನ್ನೊಂದು ಮಾತು. ಆ 23 ಮನೆಗಳಲ್ಲಿ ಎಷ್ಟು ಜನ ನಗದು ಕೊಟ್ಟಿದ್ದಾರೆ ಎಂದು ವಿಚಾರಿಸಿ. ನನ್ನ ಊಹೆ, ಎಲ್ಲರೂ. ನಗದಾಗಿ ಕೊಟ್ಟ ದಾನ 2,000 ರೂಪಾಯಿ ದಾಟಿದರೆ ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿ ಸಿಗುವುದಿಲ್ಲ. ಆದ್ದರಿಂದ ಕೊಟ್ಟವರು ಪ್ರಮಾಣಪತ್ರ ಕೇಳುವುದಿಲ್ಲ, ಕೇಳದೇ ಇರುವ ಹಣ ಕಾಣದೇ ಹೋಗುತ್ತದೆ. 80ಜಿ ಮಾನ್ಯತೆ ಇರುವ ಸಂಸ್ಥೆಗಳು 2021-22ರಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಇಲಾಖೆಗೆ ಸಲ್ಲಿಸಿ ಪ್ರತಿ ದಾನಿಗೂ 10ಬಿಇ ಪ್ರಮಾಣಪತ್ರ ಕೊಡಬೇಕು. ನಿಮ್ಮ ಸಂಘಕ್ಕೆ ಆ ಮಾನ್ಯತೆ ಇದ್ದರೆ, ಬ್ಯಾಂಕಿನ ಮೂಲಕ ಕೊಟ್ಟವರ ಬಳಿ ಅದು ಬಂದಿದೆಯೇ ಕೇಳಿ. ಬಂದವರ ಹಣ ಬಹುತೇಕ ಪುಸ್ತಕದಲ್ಲಿದೆ ಎಂದೇ ತಿಳಿಯಿರಿ.

ನಿಮ್ಮ ಎರಡನೆಯ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿಲ್ಲ. ಆದರೂ ಹೇಳುತ್ತೇನೆ, ಸದ್ಯಕ್ಕೆ ಕೈಯಿಂದ ಒಂದು ರೂಪಾಯಿಯನ್ನೂ ತಿರುಗಿ ಕೊಡಬೇಡಿ. ನೀವು ಕೊಟ್ಟ ದಿನವೇ ಕಾರ್ಯದರ್ಶಿ "ಹಣ ವಾಪಸು ಹೋಗಿದೆ, ದೂರುವವರೇ ಇಲ್ಲ" ಎನ್ನುತ್ತಾರೆ. ಜೊತೆಗೆ ನೀವೇ ತಿಂದಿರಬೇಕು ಎಂಬ ಮಾತೂ ಹುಟ್ಟುತ್ತದೆ. ನಿಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನೌಕರಿಗೆ ಸೇರಿದ ಹೊಸತರಲ್ಲಿ ನಮ್ಮ ಮೇಲಧಿಕಾರಿ ನನ್ನನ್ನು ಅಲ್ಲಿಗೆ ಕರೆದೊಯ್ದು, "ಪತ್ತು ಎಂದರೆ ಏನು ಗೊತ್ತೇ? ಒಬ್ಬರು ಇನ್ನೊಬ್ಬರ ಮುಂದೆ ಲೆಕ್ಕದ ಪುಸ್ತಕ ಬಿಚ್ಚುವುದು" ಎಂದಿದ್ದರು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಹುಬ್ಬಳ್ಳಿಯ ಸ್ವಯಂಸೇವಕ

ಇಬ್ಬರ ಮೇಲೂ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ. ನಾನೂ ಇಂಥದ್ದೇ ಊಟದ ಸೇವೆಯಲ್ಲಿ ಇರುವವನು. ಒಂದು ಸಲ ಸುದ್ದಿ ಹೊರಬಿದ್ದರೆ ಆ 23 ಜನ ಮಾತ್ರ ನಿಲ್ಲುವುದಿಲ್ಲ, ರೊಟ್ಟಿ ಕೊಡುವ ಮನೆಗಳೆಲ್ಲ ನಿಲ್ಲುತ್ತವೆ. ಕೋವಿಡ್ ಸಮಯದಲ್ಲಿ ನಮ್ಮಲ್ಲಿ ಒಬ್ಬನ ಮೇಲೆ ಹೀಗೆಯೇ ಮಾತು ಬಂತು. ಕೊನೆಗೆ ಅವನ ತಪ್ಪೇನೂ ಇರಲಿಲ್ಲ, ಆದರೆ ಮೂರು ತಿಂಗಳು ಅಡುಗೆಯೇ ನಡೆಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವರ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಕಾರ್ಯದರ್ಶಿಯನ್ನು ನಾಲ್ಕು ಹಿರಿಯರ ಮುಂದೆ ಕೂರಿಸಿ, ಹಣ ಕಟ್ಟಿಸಿಕೊಂಡು, ರಾಜೀನಾಮೆ ಬರೆಸಿಕೊಳ್ಳಿ. ಊರ ಬಾಯಿಗೆ ಹಾಕಬೇಡಿ.

ಬೆಟಗೇರಿಯ ಮುದ್ರಕ

ಧಾರವಾಡದ ಹಿರಿಯರೇ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯದು. ನೋಂದಣಿ ಪತ್ರ ನೋಡಿದೆ, ಸಂಘವೇ. ನಗದಿನ ಬಗ್ಗೆ ನಿಮ್ಮ ಊಹೆಯೂ ಸರಿಯಾಯಿತು. ನಾನು ಪರಿಚಯಿಸಿದ ಏಳೂ ಮನೆಯವರು ಕೊಟ್ಟಿದ್ದು ನಗದು.

ಹುಬ್ಬಳ್ಳಿಯ ಅಣ್ಣನವರೇ, ನೀವು ಹೇಳಿದ ಭಯ ನನಗೂ ಇದೆ. ಅದೇ ಭಯದಿಂದ ಎರಡು ತಿಂಗಳು ಸುಮ್ಮನಿದ್ದೆ. ಆ ಎರಡು ತಿಂಗಳಲ್ಲಿ ಇನ್ನೂ ಮೂರು ಮನೆಯವರು ದತ್ತಿ ಕೊಟ್ಟರು ಎಂದು ಆಮೇಲೆ ತಿಳಿಯಿತು. ನಾನು ಬಾಯಿ ಬಿಟ್ಟಿದ್ದರೆ ಅವರ ಹಣವಾದರೂ ಉಳಿಯುತ್ತಿತ್ತು.

ಇನ್ನು ನಾಲ್ಕು ಹಿರಿಯರ ಮುಂದೆ ಎಂದಿರಿ. ಕೊಟ್ಟವರು ಆ ನಾಲ್ವರಲ್ಲ. ಕೊಟ್ಟವರಲ್ಲಿ ಒಬ್ಬಾಕೆ ಹತ್ತಿ ಗಿರಣಿಯಲ್ಲಿ ಕೂಲಿ ಮಾಡಿ, ತೀರಿಹೋದ ಮಗಳ ಹೆಸರಿನಲ್ಲಿ ಎರಡು ವರ್ಷ ಕೂಡಿಸಿ ತಂದುಕೊಟ್ಟಿದ್ದಾಳೆ. ಮಗಳ ದಿನ ಪಲ್ಯ ಬಡಿಸಿದ್ದಾರೆ ಎಂದೇ ಇವತ್ತಿಗೂ ಅಂದುಕೊಂಡಿದ್ದಾಳೆ. ಹಿರಿಯರು ಕೂತು ಬಗೆಹರಿಸಿ ಎದ್ದು ಹೋದರೆ ಆಕೆಗೆ ಏನು ಗೊತ್ತಾಗುತ್ತದೆ? ಅವಳ ಹಣದ ಬಗ್ಗೆ ಅವಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿರುವುದು ನನಗೆ ಸರಿ ಕಾಣುವುದಿಲ್ಲ.

ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ತಂದೆಯವರು ಸೈಕಲ್ಲಿನ ಹಿಂದೆ ಜೋಳದ ಚೀಲ ಕಟ್ಟಿ, ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುತ್ತಿದ್ದರು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಮನೆ ಅದು. ಕಣ್ಣು ಕಾಣದ ಹುಡುಗರು ಹಾರ್ಮೋನಿಯಂ ಮುಂದೆ ಸಾಲಾಗಿ ಕುಳಿತು ಸ್ವರ ಹಾಡುತ್ತಿದ್ದರು. ಊರೂರಿಗೆ ರಸೀದಿ ಪುಸ್ತಕ ಅಚ್ಚು ಹಾಕಿಕೊಡುತ್ತಿದ್ದ ನಮ್ಮ ತಂದೆ ಅಲ್ಲಿ ಒಂದು ದಿನವೂ ರಸೀದಿ ಕೇಳಲಿಲ್ಲ. ಯಾಕೆ ಕೇಳುವುದಿಲ್ಲ ಎಂದಾಗ, "ಕೊಟ್ಟ ಜೋಳ ಆ ಹುಡುಗರ ದನಿಯಲ್ಲಿ ಕೇಳಿಸುತ್ತದೆ" ಎಂದಿದ್ದರು. 2010ರ ಸೆಪ್ಟೆಂಬರಿನಲ್ಲಿ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದಾಗ ಗದಗಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ಆ ಜನಸಾಗರದಲ್ಲಿ ನಾನೂ ಇದ್ದೆ. ಕೊಟ್ಟಿದ್ದು ಕಣ್ಣಿಗೆ ಕಂಡರೆ ಜನ ಹೇಗೆ ಕೊಡುತ್ತಾರೆ ಎಂಬುದನ್ನು ನೋಡಿ ಬೆಳೆದ ಊರು ನಮ್ಮದು. ನಮ್ಮ ಸಂಘವೂ ಅದೇ ಊರಿನದು ಎಂಬುದೇ ನನಗೆ ಹೆಚ್ಚು ನೋವು ಕೊಡುತ್ತಿದೆ.

ಬ್ಯಾಡಗಿಯ ಓದುಗಿ

ಮುದ್ರಕ ಅಣ್ಣನವರಿಗೆ ನಮಸ್ಕಾರ. ಕಾಯ್ದೆಯ ಮಾತು ನನಗೆ ತಿಳಿಯದು. ಕೊಟ್ಟವರ ಕಡೆಯಿಂದ ಹೇಳುತ್ತೇನೆ.

ನಮ್ಮದು ಹದಿನೈದು ಹೆಣ್ಣುಮಕ್ಕಳ ಸ್ತ್ರೀಶಕ್ತಿ ಸಂಘ. ಹೆಚ್ಚಿನವರು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುವವರು. ಸಂಜೆ ಮನೆಗೆ ಬಂದಾಗ ಕೈ ಹೇಗೆ ಉರಿಯುತ್ತಿರುತ್ತದೆ ಎಂದು ಆ ಕೆಲಸ ಮಾಡಿದವರಿಗೇ ಗೊತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲೂಕಿನ ಊರುಗಳು ಮುಳುಗಿದವು. ನಮ್ಮ ಜಿಲ್ಲೆಯಲ್ಲೂ ವರದಾ ನದಿ ಊರೊಳಗೆ ಬಂದಿತ್ತು. ಅಂಥ ಉರಿಯುವ ಕೈಯಲ್ಲೇ ನಾವು ಮೂರು ರಾತ್ರಿ ಕುಳಿತು ಸಾವಿರದ ಇನ್ನೂರು ಖಡಕ್ ರೊಟ್ಟಿ ಬಡಿದೆವು. ಹಳೆಯ ಸೀರೆ ಹರಿದು, ಇಪ್ಪತ್ತೈದರಂತೆ ಗಂಟು ಕಟ್ಟಿ, ಗಂಟಿನ ಮೇಲೆ ಸಂಘದ ಹೆಸರು ಬರೆದೆವು. ಜೊತೆಗೆ ಉಳಿತಾಯದಿಂದ 18,400 ರೂಪಾಯಿ. ಬ್ಯಾನರ್ ಕಟ್ಟಿಕೊಂಡು ಬಂದ ಗಾಡಿಯವರಿಗೆ ಕೊಟ್ಟು, ಫೋಟೊ ತೆಗೆಸಿಕೊಂಡು, ಸಂತೋಷದಿಂದ ಮನೆಗೆ ಬಂದೆವು.

ದೀಪಾವಳಿ ಕಳೆದ ಮೇಲೆ ಒಬ್ಬ ಗೋದಾಮಿನ ಮಾಲೀಕರು ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಕೈಯಲ್ಲಿ ನಮ್ಮ ಸೀರೆಯ ತುಂಡು. ಬಾಡಿಗೆಗೆ ಕೊಟ್ಟ ಕೋಣೆಯಲ್ಲಿ ಗಂಟುಗಳು ಬೂಸು ಹಿಡಿದು ಬಿದ್ದಿವೆ, ಇದರ ಮೇಲೆ ನಿಮ್ಮ ಹೆಸರಿದೆ, ತೆಗೆದುಕೊಂಡು ಹೋಗಿ ಎಂದರು. ಹೋಗಿ ನೋಡಿದೆವು. ನಮ್ಮ ರೊಟ್ಟಿ, ಇನ್ಯಾರದೋ ಚಾದರ, ಮಕ್ಕಳ ಬಟ್ಟೆ. ಒಂದು ಗಂಟು ಎತ್ತಿದರೆ ಒಳಗೆಲ್ಲ ಹಸಿರು ಪುಡಿ. ನಮ್ಮ ಹಿರಿಯ ಅವ್ವ ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು. ಹಣದ ಬಗ್ಗೆ ಅವಳು ಕೇಳಲೇ ಇಲ್ಲ. "ನೀರಲ್ಲಿ ನಿಂತವರು ಹಸಿದೇ ಇದ್ದರಲ್ಲ" ಎಂದಳು.

ಆ ಗಾಡಿಯವರನ್ನು ನಮಗೆ ಪರಿಚಯಿಸಿದ್ದು ನಮ್ಮೂರಿನ ಒಬ್ಬ ಮೇಷ್ಟ್ರು. ಅವರು ತಿಂದವರಲ್ಲ, ನಮಗೆ ಗೊತ್ತು. ಆದರೆ ಅವತ್ತಿನಿಂದ ಅವರು ನಮ್ಮ ಓಣಿಗೆ ಬರುವುದನ್ನೇ ಬಿಟ್ಟರು. ಎದುರಿಗೆ ಸಿಕ್ಕರೆ ದಾರಿ ಬದಲಿಸಿದರು. ನಾವು ಅವರ ಮೇಲೆ ಸಿಟ್ಟಾಗಿರಲಿಲ್ಲ. ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬರದೇ ಇದ್ದುದರಿಂದ ಅವರಿಗೂ ಪಾಲಿತ್ತೇನೋ ಎಂದು ಜನ ಮಾತಾಡಿದರು.

ಹುಬ್ಬಳ್ಳಿಯ ಅಣ್ಣನವರು ಊಟ ನಿಲ್ಲುತ್ತದೆ ಎಂದಿದ್ದಾರೆ. ಮುಚ್ಚಿಟ್ಟರೂ ನಿಲ್ಲುತ್ತದೆ ಅಣ್ಣಾ. 2023ರಲ್ಲಿ ಒಬ್ಬ ತಂದೆ ಮಗುವಿನ ಹೃದಯದ ಆಪರೇಷನ್ನಿಗೆಂದು ಆಸ್ಪತ್ರೆಯ ಫೈಲು ಹಿಡಿದು ನಮ್ಮ ಸಂಘಕ್ಕೆ ಬಂದ. ಕಾಗದವೆಲ್ಲ ಸರಿಯಿತ್ತು. ನಮ್ಮಲ್ಲಿ ಹಣವೂ ಇತ್ತು. "ಮುಂದಿನ ಸಭೆಗೆ ಬಾರಪ್ಪಾ" ಎಂದು ಕಳಿಸಿದೆವು, ಕಳಿಸಿದವಳು ನಾನೇ. ಅವನು ಮತ್ತೆ ಬರಲಿಲ್ಲ. ಆ ಮಗು ಏನಾಯಿತು ಎಂದು ವಿಚಾರಿಸುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಆ ಗಾಡಿಯವರು ತಿಂದ 18,400ರಲ್ಲಿ ಆ ಮಗುವಿನ ಪಾಲೂ ಸೇರಿದೆ ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಕೈಯಿಂದ ಹಣ ಕೊಡಬೇಡಿ. ನೀವು ಕೊಟ್ಟರೆ ಅಕ್ಕೋರು ತೆಗೆದುಕೊಳ್ಳುವುದೂ ಇಲ್ಲ. ಮನೆ ಮನೆಗೆ ಹೋಗಿ, ಕುಳಿತು, ಇದ್ದದ್ದನ್ನು ಇದ್ದಂತೆ ಹೇಳಿ. ಬೈದರೆ ಬೈಸಿಕೊಳ್ಳಿ.

ಬೆಟಗೇರಿಯ ಮುದ್ರಕ, ಮೂರು ವಾರಗಳ ನಂತರ

ಬ್ಯಾಡಗಿಯ ತಂಗಿ ಬರೆದದ್ದನ್ನು ಓದಿದ ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೇ ಹೊರಟೆ. ಕ್ಯಾಲೆಂಡರ್, ಲೆಕ್ಕಪತ್ರದ ಪ್ರತಿ, ನನ್ನ ಆರ್ಡರ್ ಪುಸ್ತಕದ ಜೆರಾಕ್ಸ್, ಒಂದು ಹೊಸ ರಿಜಿಸ್ಟರ್. ಮೊದಲು ನಾನು ಪರಿಚಯಿಸಿದ ಏಳು ಮನೆ, ಆಮೇಲೆ ಉಳಿದವು. ಈವರೆಗೆ ಹತ್ತೊಂಬತ್ತು ಮನೆ ಮುಗಿದಿವೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಎರಡು ತಿಂಗಳು ಗೊತ್ತಿದ್ದೂ ಸುಮ್ಮನಿದ್ದೆಯಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ತಪ್ಪಾಯಿತು ಎಂದೆ. ಗಿರಣಿಯ ಆ ತಾಯಿ ನಾನು ಹೇಳುವುದನ್ನೆಲ್ಲ ಕೇಳಿ, "ಹಾಗಾದರೆ ಎರಡು ವರ್ಷವೂ ನನ್ನ ಮಗಳ ದಿನ ಪಲ್ಯ ಮಾಡಿಲ್ಲವೇ?" ಎಂದು ಒಂದೇ ಪ್ರಶ್ನೆ ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಕೊಟ್ಟಳು.

ಅಕ್ಕೋರ ಮನೆಗೆ ಹೋದಾಗ ಅವರು ರಸೀದಿಯ ಜೆರಾಕ್ಸ್ ಪ್ರತಿಯನ್ನೂ ಪೆನ್ನನ್ನೂ ತಂದು ಮುಂದಿಟ್ಟರು. "ಈ ಹಣ ದತ್ತಿ ನಿಧಿಗೆ ಸೇರಿಲ್ಲ ಎಂದು ಬರೆದು ಸಹಿ ಮಾಡು, ತಾರೀಖು ಹಾಕು" ಎಂದರು. ಬರೆದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ನಿಧಿಗೆ ಎಂಬಲ್ಲಿ ಧಿಗೆ ಬಾಲ ಬಿಟ್ಟಿದ್ದೀ" ಎಂದು ತಿದ್ದಿಸಿದರು. ಅರವತ್ತು ವರ್ಷದ ನಾನು ಮೂರನೇ ಇಯತ್ತೆಯ ಹುಡುಗನಂತೆ ತಿದ್ದಿದೆ. ಪೆನ್ಷನ್ ಕಾಗದ ಇಡುವ ಪೆಟ್ಟಿಗೆಯಲ್ಲಿ ಅದನ್ನು ಇಟ್ಟುಕೊಂಡರು. ಹೊರಡುವಾಗ, "ರೊಟ್ಟಿ ನಿಲ್ಲಿಸಬೇಡ ಎಂದು ನಮ್ಮ ಓಣಿಯವರಿಗೆ ನಾನು ಹೇಳಿದ್ದೇನೆ" ಎಂದರು.

ರೊಟ್ಟಿ ಕೆಲವು ಮನೆಗಳಿಂದ ನಿಂತಿದೆ, ಸುಳ್ಳು ಹೇಳುವುದಿಲ್ಲ. ಮೊದಲು ದಿನಕ್ಕೆ ಒಂಬೈನೂರು ಬರುತ್ತಿದ್ದವು, ಈಗ ಆರುನೂರರ ಸುತ್ತ. ಮೂರು ಓಣಿಯವರು ಹಣದ ಬದಲು ತರಕಾರಿ, ಬೇಳೆಯನ್ನು ನೇರವಾಗಿ ಅಡುಗೆಯವರ ಕೈಗೆ ಕೊಡುತ್ತಿದ್ದಾರೆ. ಅಡುಗೆಮನೆಯ ಬಾಗಿಲಿಗೆ ದಾರ ಕಟ್ಟಿ ಒಂದು ನೋಟುಬುಕ್ಕು ತೂಗುಹಾಕಿದ್ದೇವೆ. ಯಾರು ಏನು ಕೊಟ್ಟರು, ಎಷ್ಟು ಜನ ಉಂಡರು, ಏನು ಉಳಿಯಿತು, ಅಷ್ಟನ್ನು ಬಡಿಸುವ ಹುಡುಗರೇ ದಿನವೂ ಬರೆಯುತ್ತಾರೆ. ಬಂದವರು ಯಾರು ಬೇಕಾದರೂ ಓದಬಹುದು.

ಕಾರ್ಯದರ್ಶಿ ಒಂದು ಸಂಜೆ ಅಂಗಡಿಗೆ ಬಂದಿದ್ದರು. 3000ದ ಮುಂದಿನ ಸಂಖ್ಯೆಗಳನ್ನೂ ನಾನೇ ಅಚ್ಚು ಹಾಕಿದ್ದೆ ಎಂದು ಒಂದು ಚೀಟಿ ಬರೆದುಕೊಡಲು ಕೇಳಿದರು. ನಾನು ಯಂತ್ರದ ಮುಂದೆ ಕರೆದುಕೊಂಡು ಹೋಗಿ, ಒಂದು ಖಾಲಿ ಹಾಳೆಯ ಮೇಲೆ ಏಳನ್ನು ಒತ್ತಿ ತೋರಿಸಿದೆ. ಬಹಳ ಹೊತ್ತು ಆ ಹಾಳೆ ನೋಡುತ್ತಾ ನಿಂತಿದ್ದರು. ಮಾತಾಡದೆ ಹೋದರು. ಅವರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಆ ಚೀಟಿ ಬರೆದುಕೊಡಲು ನನ್ನಿಂದಾಗದು.

ಮಾಹಿತಿ ಹಕ್ಕು ಅರ್ಜಿಗೆ ಇನ್ನೂ ಹನ್ನೊಂದು ದಿನ ಬಾಕಿ ಇದೆ. ಸಹಿಗಳು ಹನ್ನೆರಡಾಗಿವೆ. ಉಳಿದ ಎರಡರಲ್ಲಿ ಒಬ್ಬ ಸದಸ್ಯರು ಲಕ್ಷ್ಮೇಶ್ವರದಲ್ಲಿದ್ದಾರೆ, ಬುಧವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಇನ್ನೊಬ್ಬರು ಒಮ್ಮೆ ಒಪ್ಪಿ ಹಿಂದೆ ಸರಿದವರು, ಅವರ ಮನೆಗೆ ಅಕ್ಕೋರು ತಾವೇ ಬರುತ್ತೇನೆ ಎಂದಿದ್ದಾರೆ.